ಮೂರನೆಯ ಸರೋವರದಿಂದ ಕೆಳಗೆ

ಉಪ್ಪಿಟ್ಟಿನ ವಾಸನೆಗೆ ಯಾರಾದರೂ ಹೆದರುತ್ತಾರೆಯೇ? ನಾನು ಹೆದರುತ್ತೇನೆ. ಹೋದ ವಾರ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ಲ್ಯಾಬಿನ ಊಟದ ಕೋಣೆಯಲ್ಲಿ, ಹೊಸದಾಗಿ ಸೇರಿದ ಬೆಂಗಳೂರಿನ ಹುಡುಗಿಯೊಬ್ಬಳು ಕಾಗದದ ಲೋಟದ ರೆಡಿಮೇಡ್ ಉಪ್ಪಿಟ್ಟಿಗೆ ಕುದಿಯುವ ನೀರು ಸುರಿದಳು. ಇಂಗು, ಒಣ ಕರಿಬೇವು, ಹುರಿದ ರವೆ ಬೆರೆತ ಆ ಹಬೆ ಮೂಗಿಗೆ ಬಡಿದದ್ದೇ ತಡ, ನಾನು ಕುರ್ಚಿಯಿಂದ ಎದ್ದೆ. "ನಿಮಗೂ ಸ್ವಲ್ಪ ಕೊಡ್ಲಾ ಮೇಡಂ?" ಎಂದು ಪಾಪ, ಆಕೆ ಕೇಳಿದಳು. ಬೇಡಮ್ಮ ಎಂದು ಹೊರಗೆ ಬಂದು, ಕೊಲ್ಲಿಯ ಕಡೆಯಿಂದ ಬೀಸುವ ಗಾಳಿಗೆ ಮುಖವೊಡ್ಡಿ ಐದು ನಿಮಿಷ ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದೆ.

ಆ ಹೆದರಿಕೆ ಅಂಟಿಕೊಂಡದ್ದು ಮೂರು ವರ್ಷದ ಹಿಂದಿನ ಜುಲೈನಲ್ಲಿ. ಮಗಳು ಮೇಘನಾ ಹೈಸ್ಕೂಲು ಮುಗಿಸಿದ್ದಳು. ಆಗಸ್ಟ್ ಕೊನೆಗೆ ಸ್ಯಾನ್ ಡಿಯೇಗೋದ ಕಾಲೇಜಿಗೆ ಹೊರಡುವವಳು. ಅದಕ್ಕೆ ಮೊದಲು ಅವಳು ನನ್ನಿಂದ ಕೇಳಿದ್ದು ಒಂದೇ. ಡೇರೆ, ಊಟ, ಹಾಸಿಗೆ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು, ಸಿಯೆರಾ ಬೆಟ್ಟಗಳ ಸರೋವರಗಳ ನಡುವೆ ನಾಲ್ಕು ದಿನ ಅವಳ ಜೊತೆ ನಡೆಯಬೇಕು.

"ಅಪ್ಪನ ಮೊಣಕಾಲು ಸರಿಯಿಲ್ಲ. ನೀನು ಬಾ. ಜಸ್ಟ್ ಒನ್ಸ್, ಅಮ್ಮ."

ನಾನು ಹುಟ್ಟಾ ಪುಕ್ಕಲಿ. ಮೈಸೂರಿನಲ್ಲಿ ಬೆಳೆದವಳಾದರೂ ಚಾಮುಂಡಿ ಬೆಟ್ಟದ ಮೆಟ್ಟಿಲಿಳಿಯುವಾಗ ಅಪ್ಪನ ಕೈ ಬಿಟ್ಟವಳಲ್ಲ. ಹೇವರ್ಡಿನ ನಮ್ಮ ಮನೆಯಿಂದ ಕೆಲಸಕ್ಕೆ ಹೋಗಲು ದಿನವೂ ಕೊಲ್ಲಿಯ ಮೇಲಿನ ಉದ್ದನೆಯ ಸೇತುವೆ ದಾಟಬೇಕು. ಹದಿನಾಲ್ಕು ವರ್ಷದಿಂದ, ನಿಧಾನವಾಗಿ ಹೋಗುವವರ ಬಲಗಡೆಯ ಲೇನು ಬಿಟ್ಟು ಆಚೆ ಹೋಗಿಲ್ಲ. ಗಂಡ ಗಿರಿ, ಮಗಳು ಇಬ್ಬರೂ ಇದನ್ನು ಹೇಳಿಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಹಾಗೆ ನಕ್ಕೂ ನಕ್ಕೂ, ಹೆದರಿಕೆಯಾದಾಗ ಬಾಯಿ ಮುಚ್ಚಿಕೊಂಡಿರುವುದು ನನಗೆ ಅಭ್ಯಾಸವಾಗಿ ಹೋಗಿತ್ತು.

ಒಪ್ಪಿಕೊಂಡದ್ದು ಜಯಕ್ಕ ಬರುತ್ತೇನೆಂದ ಮೇಲೆ. ಜಯಕ್ಕ ನಮ್ಮ ಬೀದಿಯವಳೇ, ಧಾರವಾಡದ ಕಡೆಯವಳು. ವಯಸ್ಸು ಐವತ್ತೆಂಟು. ಹೇವರ್ಡಿನ ದೊಡ್ಡ ಗೋದಾಮೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ನಲವತ್ತು ಜನ ಗಂಡಸರನ್ನು ಒಂದು ಸಿಳ್ಳಿನಲ್ಲಿ ನಿಲ್ಲಿಸುವ ಹೆಂಗಸು. ಹನ್ನೆರಡು ವರ್ಷದಿಂದ ಪ್ರತಿ ಬೇಸಿಗೆ ಬೆಟ್ಟ ಹತ್ತುತ್ತಿದ್ದಳು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಯಂತ್ರ ಅವಳ ಬಳಿಯಿತ್ತು. ಕರಡಿ ತೆರೆಯಲಾಗದಂಥ ಊಟದ ಡಬ್ಬಿ ಇತ್ತು. ಮನೆಯಲ್ಲೇ ರವೆ ಹುರಿದು ಒಗ್ಗರಣೆ ಬೆರೆಸಿ ಕಟ್ಟಿದ ಉಪ್ಪಿಟ್ಟಿನ ಪೊಟ್ಟಣಗಳಿದ್ದವು, ಬಿಸಿನೀರು ಹಾಕಿದರೆ ಸಾಕು. "ನಾ ಇರ್ತೇನಲ್ಲ ವಸೂ, ಏನ್ ಹೆದರಿಕಿ ನಿಂದು?" ಎಂದಳು. ಆ ಮಾತಿನ ಬಲದ ಮೇಲೆ ನಾನು ಬೂಟು ಕೊಂಡೆ.

ಬೆಳಗಿನ ಜಾವ ಹೊರಟು, ಸಮುದ್ರ ಮಟ್ಟದಿಂದ ಎಂಟು ಸಾವಿರ ಅಡಿಗೆ ಕಾರಿನಲ್ಲಿ ಹತ್ತಿ, ಅದೇ ದಿನ ಇನ್ನೂ ಸಾವಿರದ ಮುನ್ನೂರು ಅಡಿ ನಡೆದು ಮೊದಲನೆಯ ಸರೋವರದ ಪಕ್ಕ ಡೇರೆ ಹಾಕಿದೆವು. ಇಷ್ಟು ಬೇಗ ಇಷ್ಟು ಮೇಲಕ್ಕೆ ಹತ್ತಬಾರದೆಂದು ಓದಿದ್ದೆ. ಹೇಳಿದೆ ಕೂಡ. "ಪ್ರತಿ ವರ್ಷ ಹಿಂಗ ಹತ್ತತೇನಿ" ಎಂದಳು ಜಯಕ್ಕ. ಮಾತು ಮುಗಿಯಿತು.

ಆ ಚಳಿಗಾಲ ಹಿಮ ವಿಪರೀತ ಬಿದ್ದಿತ್ತು. ಜುಲೈ ಮಧ್ಯದಲ್ಲೂ ಬೆಟ್ಟದ ಸಂದುಗಳಲ್ಲಿ ಕೊಳಕು ಬಿಳಿಯ ಹಾಸುಗಳು ಉಳಿದಿದ್ದವು. ಎಲ್ಲೆಲ್ಲೂ ನೀರಿನ ಸದ್ದು. ಸರೋವರ ಎಷ್ಟು ತಿಳಿಯಾಗಿತ್ತೆಂದರೆ, ಆಳವೇ ಗೊತ್ತಾಗದೆ ನನಗೆ ಅದರ ಹತ್ತಿರ ಹೋಗಲೂ ದಿಗಿಲು. ಮೇಘನಾ ಧುಮುಕಿ, ಕಿರುಚಿ, ನಡುಗುತ್ತ ಎದ್ದು ಬಂದಳು. ಸೊಳ್ಳೆಗಳು ಮುತ್ತಿದವು. ಜಯಕ್ಕ ಬಿಸಿನೀರು ಕಾಯಿಸಿ ಉಪ್ಪಿಟ್ಟು ಕಲಸಿ ನಮಗಿಬ್ಬರಿಗೆ ಕೊಟ್ಟಳು, ತಾನು ಎರಡು ತುತ್ತು ತಿಂದು ಬಿಟ್ಟಳು. "ಹೊಟ್ಟಿ ಹಸದಿಲ್ಲ" ಎಂದಳು. ದಿನವಿಡೀ ನಡೆದವಳಿಗೆ ಹಸಿವಿಲ್ಲವೇ ಎಂದು ನನ್ನ ಮನಸ್ಸಿನಲ್ಲಿ ಒಂದು ಗೆರೆ ಎಳೆದಂತಾಯಿತು, ಅಷ್ಟೆ.

ಎರಡನೆಯ ದಿನ ಬೆಳಿಗ್ಗೆ ಆರೂವರೆಗೇ ಹೊರಡಿಸಿದಳು. ದಾರಿಯಲ್ಲಿ ಸ್ವಲ್ಪ ಮೇಲೆ ಒಂದು ಹೊಳೆ ದಾಟಬೇಕಿತ್ತು. "ಹಿಮದ ಹೊಳಿ ಮುಂಜಾನೆ ಆಕಳಿದ್ದಂಗ, ಸಂಜಿಕ್ಕ ಹುಲಿ ಇದ್ದಂಗ. ಹಗಲೆಲ್ಲ ಬಿಸಲಿಗೆ ಕರಗಿದ್ದು ಸಂಜಿಕ್ಕ ಬಂದು ಮುಟ್ಟತದ" ಎಂದು ಜಯಕ್ಕ ಮೇಘನಾಗೆ ವಿವರಿಸಿದಳು. ನಾವು ದಾಟುವಾಗ ನೀರು ಮೊಣಕಾಲಿನವರೆಗಿತ್ತು. ಅಷ್ಟಕ್ಕೇ ನನ್ನ ಕಾಲುಗಳು ನನ್ನವಲ್ಲದ ಹಾಗೆ ಸೇದಿಹೋದವು. ಜಯಕ್ಕ ನನ್ನ ಕೈ ಹಿಡಿದು ದಾಟಿಸಿದಳು. ಆ ದಿನ ಮಧ್ಯಾಹ್ನದ ಹೊತ್ತಿಗೆ ಹತ್ತು ಸಾವಿರದ ಆರುನೂರು ಅಡಿಯ ಎರಡನೆಯ ಸರೋವರ ಮುಟ್ಟಿದೆವು. ಯಾವಾಗಲೂ ಮುಂದೆ ನಡೆಯುವ ಜಯಕ್ಕ ಅಂದು ಕೊನೆಯ ಮೈಲಿಯಲ್ಲಿ ನನ್ನ ಹಿಂದಿದ್ದಳು. ಸಂಜೆ ಉಪ್ಪಿಟ್ಟಿನ ಪೊಟ್ಟಣಕ್ಕೆ ಬಿಸಿನೀರು ಸುರಿದವಳು ಹಬೆ ಮುಖಕ್ಕೆ ತಾಗುತ್ತಲೇ ಎದ್ದು ಬಂಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು.

"ಏನಾಯ್ತು ಜಯಕ್ಕ? ನಾಳೆ ವಾಪಸ್ ಇಳಿದುಬಿಡೋಣ್ವಾ?"

"ಪಿತ್ತ ಆಗೇದ ಅಷ್ಟ. ನೀ ಸುಮ್ಕ ಹುಡುಗೀನ್ನ ಹೆದರಿಸಬ್ಯಾಡ."

ಅವಳು ಹೇಳಿದ್ದು ನನಗೆ ಚುಚ್ಚಿತು. ಮೇಘನಾ ದೂರದಲ್ಲಿ ಫೋಟೋ ತೆಗೆಯುತ್ತಿದ್ದಳು. ಅವಳ ಕಣ್ಣಿನಲ್ಲಿ ಇದು ಮತ್ತೆ 'ಅಮ್ಮನ ಹೆದರಿಕೆ' ಆಗುವುದು ನನಗೆ ಬೇಕಿರಲಿಲ್ಲ. ಆ ರಾತ್ರಿ ಪಕ್ಕದ ಡೇರೆಯಿಂದ ಕೆಮ್ಮು ಕೇಳಿಸಿತು. ಒಣ ಕೆಮ್ಮು, ಬಿಟ್ಟುಬಿಟ್ಟು. ನಾನು ಎಚ್ಚರವಾಗಿ ಮಲಗಿ ಕೇಳುತ್ತಲೇ ಇದ್ದೆ. ಎದ್ದು ಹೋಗಿ ನೋಡಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಮೂರನೆಯ ದಿನದ ಲೆಕ್ಕಾಚಾರ ಹೀಗಿತ್ತು: ಮೂರನೆಯ ಸರೋವರದವರೆಗೆ ಹತ್ತಿ, ಅದರ ಮೇಲೆ ಎರಡು ಶಿಖರಗಳ ನಡುವಿನ ಕಣಿವೆಬಾಯಿಯನ್ನು ಮಧ್ಯಾಹ್ನದೊಳಗೆ ದಾಟಿ ಆಚೆ ಇಳಿಯುವುದು. ನಾವು ಮೂರನೆಯ ಸರೋವರ ಮುಟ್ಟಿದಾಗಲೇ ಹನ್ನೆರಡು ಗಂಟೆ ದಾಟಿತ್ತು. ಅಲ್ಲಿ ಒಂದು ಮರವಿಲ್ಲ, ಹುಲ್ಲಿಲ್ಲ. ಬೂದು ಬಂಡೆಗಳ ಬಟ್ಟಲಿನಲ್ಲಿ ಕಪ್ಪುನೀಲಿ ನೀರು, ಅದರ ಮೇಲೆ ತೇಲುವ ಮಂಜುಗಡ್ಡೆಯ ಹಲಗೆಗಳು. ಒಂದಕ್ಕೊಂದು ತಾಗಿದಾಗ ಹಲ್ಲು ಕಡಿದಂಥ ಸಣ್ಣ ಸದ್ದು. ಪಶ್ಚಿಮದ ಶಿಖರಗಳ ಹಿಂದಿನಿಂದ ಮೋಡ ಏಳುತ್ತಿತ್ತು.

ಜಯಕ್ಕ ಹಿಂದೆ ಬರುತ್ತಿದ್ದಳು. ಹತ್ತು ಹೆಜ್ಜೆ ಇಟ್ಟು ನಿಲ್ಲುವಳು, ಕೋಲುಗಳ ಮೇಲೆ ಬಾಗುವಳು. ಬಂದು ಬಂಡೆಯ ಮೇಲೆ ಕುಳಿತಳು. ಕುಳಿತ ಮೇಲೂ ಅವಳ ಉಸಿರು ಇಳಿಯಲಿಲ್ಲ, ಓಡಿ ಬಂದವಳಂತೆ ಏದುತ್ತಲೇ ಇದ್ದಳು. ತುಟಿ ನೇರಳೆಯಾಗಿತ್ತು. ಹತ್ತಿರ ಹೋದೆ. ಅವಳ ಎದೆಯೊಳಗೆ ಹುಕ್ಕಾ ಸೇದಿದಂತೆ ಗುಳುಗುಳು ಸದ್ದು. ಕೆಮ್ಮಿ ಬಾಯಿಗೆ ಒತ್ತಿಕೊಂಡ ಕರವಸ್ತ್ರವನ್ನು ಮಡಚಿ ಬಚ್ಚಿಡಲು ಹೋದಳು. ನಾನು ಕಿತ್ತುಕೊಂಡು ಬಿಡಿಸಿದೆ. ಗುಲಾಬಿ ಬಣ್ಣದ ನೊರೆ.

"ಅಮ್ಮ, ಇಟ್ಸ್ ಹರ್ ಲಂಗ್ಸ್" ಎಂದಳು ಮೇಘನಾ. ಶಾಲೆಯಲ್ಲಿ ಪ್ರಥಮ ಚಿಕಿತ್ಸೆಯ ಕ್ಲಾಸು ಮಾಡಿದ್ದವಳು. ಅವಳ ದನಿ ತೀರಾ ಸಣ್ಣದಾಗಿತ್ತು. "ಶ್ವಾಸಕೋಶದಲ್ಲಿ ನೀರು ತುಂಬ್ತಾ ಇದೆ. ಕೆಳಗೆ ಹೋಗ್ಬೇಕು. ರೈಟ್ ನೌ."

ಜಯಕ್ಕ ತಲೆಯೆತ್ತಿ ಕಣಿವೆಬಾಯಿಯ ಕಡೆ ನೋಡಿದಳು. "ಇಲ್ಲೇ ಅದ. ಅರ್ಧ ತಾಸು. ಹೋಗೂಣು." ಆಮೇಲೆ ನನ್ನತ್ತ ತಿರುಗಿ, ಬಹಳ ಸಹಜವಾಗಿ ಹೇಳಿದಳು: "ನಾಕನೇ ಬಾಗಲಿಗೆ ಟ್ರಕ್ ಬಂದ ನಿಂತದ. ಯಾರೂ ಇಳಸವಲ್ರು. ನೋಡ್ ಹೋಗು."

ಅಲ್ಲಿ ಟ್ರಕ್ಕಿರಲಿಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರ ಒಂದು ರಸ್ತೆಯೂ ಇರಲಿಲ್ಲ. ಮೇಘನಾ ನನ್ನ ತೋಳು ಹಿಡಿದುಕೊಂಡಳು. ಅಷ್ಟು ವರ್ಷ ನಾನು ಪಟ್ಟ ಭಯಗಳೆಲ್ಲ ಆಟದವು ಎನಿಸಿದ್ದು ಆ ಕ್ಷಣದಲ್ಲಿ. ದಾರಿ ಬಲ್ಲವಳು ಅವಳೊಬ್ಬಳೇ, ಮತ್ತು ಅವಳೀಗ ತನ್ನ ಗೋದಾಮಿನಲ್ಲಿದ್ದಳು.

ಯಂತ್ರದ ತುರ್ತು ಗುಂಡಿ ಒತ್ತಿದೆವು. ಉತ್ತರ ಬರಲು ಏಳು ನಿಮಿಷ ಹಿಡಿಯಿತು. ಗುಡುಗು ಮಳೆ ಬರುತ್ತಿರುವುದರಿಂದ ಹೆಲಿಕಾಪ್ಟರ್ ಹಾರಲಾಗದು, ನಡೆದು ಬರುವ ತಂಡ ಹೊರಡುತ್ತಿದೆ, ರೋಗಿ ನಡೆಯಬಲ್ಲಳಾದರೆ ತಡಮಾಡದೆ ಬಂದ ದಾರಿಯಲ್ಲೇ ಇಳಿಸಿ ಎಂದಿತ್ತು. ಅದನ್ನು ಎರಡು ಸಲ ಓದಿದೆ. ಕೆಳಗಿಳಿದರೆ ಸಂಜೆಯ ಹೊತ್ತಿಗೆ ಎದುರಾಗುವುದು ಆ ಹೊಳೆ. ಆದರೆ ಹೊಳೆಯವರೆಗೆ ಹೋದರೂ ಸುಮಾರು ಎರಡು ಸಾವಿರ ಅಡಿ ಇಳಿದಂತಾಗುತ್ತದೆ. ಮುಂದಿನದು ಮುಂದೆ ಎಂದುಕೊಂಡೆ.

"ಟ್ರಕ್ ಕೆಳಗಡೆ ಬಂದಿದೆ ಜಯಕ್ಕ. ಬನ್ನಿ, ಇಳಿಸೋಣ" ಎಂದೆ.

ಅವಳು ಎದ್ದಳು.

ಅವಳ ಚೀಲವನ್ನೂ ಊಟದ ಡಬ್ಬಿಯನ್ನೂ ಅಲ್ಲೇ ಬಿಟ್ಟೆವು. ಒಂದು ಡೇರೆ, ಮಲಗುವ ಚೀಲಗಳು, ನೀರು, ಒಂದಿಷ್ಟು ಒಣಹಣ್ಣು, ನಕ್ಷೆ, ಸಂದೇಶದ ಯಂತ್ರ, ಇಷ್ಟನ್ನೇ ನಾನೂ ಮೇಘನಾಳೂ ಹೊತ್ತೆವು. ಮೇಘನಾ ಮುಂದೆ ದಾರಿ ಹುಡುಕುತ್ತ, ನಾನು ಜಯಕ್ಕನ ಸೊಂಟ ಹಿಡಿದು ಹಿಂದೆ. ಒಂದು ಗಂಟೆಯೊಳಗೆ ಆಕಾಶ ಕಪ್ಪಾಗಿ ಕವಿದು ಆಲಿಕಲ್ಲು ಬಿತ್ತು. ಬಂಡೆಗಳ ಮೇಲೆ ಪುಟಿದು ಕಾಲಡಿ ಉರುಳಿದವು. ಬಯಲಾದ ಬಂಡೆಹಾಸಿನ ಮೇಲೆ ನಾವು ಮೂವರೇ ಎತ್ತರದ ವಸ್ತುಗಳು. ಮಿಂಚಿಗೂ ಗುಡುಗಿಗೂ ನಡುವೆ ಒಂದು, ಎರಡು ಎನ್ನುವಷ್ಟೂ ಪುರಸೊತ್ತಿರಲಿಲ್ಲ. ಕುಳ್ಳ ಪೈನ್ ಗಿಡಗಳ ಗುಂಪು ಸಿಗುವವರೆಗೆ ಅವಳನ್ನು ಅಕ್ಷರಶಃ ಎಳೆದುಕೊಂಡು ಹೋದೆ. ಅಲ್ಲಿ ಮೂವರೂ ಮುದುರಿ ಕುಳಿತೆವು. ಮೇಘನಾ ಅಳುತ್ತಿದ್ದಳು, ಸದ್ದಿಲ್ಲದೆ. ನಾನು ದೇವರನ್ನು ನೆನೆಯಲೂ ಇಲ್ಲ. ಜಯಕ್ಕನ ಎದೆಯ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದೆ. ಅದು ನಿಂತರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

ಹೊಳೆ ಮುಟ್ಟಿದಾಗ ಐದೂವರೆ. ಮಳೆ ನಿಂತಿತ್ತು. ನೋಡುವ ಮೊದಲೇ ಸದ್ದು ಕೇಳಿತು. ನೀರಿನ ಸದ್ದಿನೊಳಗೆ ಇನ್ನೊಂದು, ತಳದಲ್ಲಿ ಕಲ್ಲುಗಳು ಉರುಳುವ ದಡದಡ. ಹಿಂದಿನ ಬೆಳಿಗ್ಗೆ ನಾವು ಕಾಲಿಟ್ಟಿದ್ದ ಕಲ್ಲುಗಳಲ್ಲಿ ಒಂದೂ ಕಾಣಲಿಲ್ಲ. ಬಿಳಿ ನೊರೆ ಕಾರುತ್ತ ಹೊಳೆ ಎರಡರಷ್ಟು ಅಗಲವಾಗಿತ್ತು.

ಜಯಕ್ಕನನ್ನು ಮರಕ್ಕೆ ಒರಗಿಸಿ ಕೂರಿಸಿದೆ. ಉಸಿರು ಇನ್ನೂ ವೇಗವಾಗಿತ್ತು, ಆದರೆ ತುಟಿಯ ಬಣ್ಣ ಸ್ವಲ್ಪ ತಿಳಿಯಾಗಿತ್ತೋ, ನನಗೆ ಹಾಗೆ ಕಾಣಬೇಕಿತ್ತೋ ತಿಳಿಯದು. ತಿರುಗಿ ನೋಡಿದರೆ ಮೇಘನಾ, ಬಿದ್ದರೆ ಬೇಗ ಕಳಚಲೆಂದು ಬೆನ್ನಿನ ಚೀಲದ ಸೊಂಟಪಟ್ಟಿ ಬಿಚ್ಚಿಕೊಂಡು ನೀರಿನ ಅಂಚಿನಲ್ಲಿ ನಿಂತಿದ್ದಳು.

"ನಾನು ಕ್ರಾಸ್ ಮಾಡ್ತೀನಿ ಅಮ್ಮ. ಕಾರು ಐದು ಮೈಲಿ ಅಷ್ಟೆ. ಹೆಲ್ಪ್ ಕರ್ಕೊಂಡು ಬರ್ತೀನಿ."

"ಬೇಡ ಮೇಘು. ಬಾ ಈಚೆ."

"ಶಿ ಕುಡ್ ಡೈ, ಅಮ್ಮ!"

"ಗೊತ್ತು. ಬಾ ಈಚೆ."

"ನೀನು ಯಾವಾಗ್ಲೂ ಹೀಗೇ! ಎಲ್ಲಾದಕ್ಕೂ ಹೆದರ್ತೀಯ!" ಎಂದು ಕೂಗಿ ನೀರಿಗಿಳಿದೇಬಿಟ್ಟಳು. ಎರಡು ಹೆಜ್ಜೆ. ಮೂರನೆಯದಕ್ಕೆ ನೀರು ತೊಡೆಗೆ ಬಂತು, ಊರಿದ ಕೋಲು ಕೈಯಿಂದ ಹಾರಿ ಕಣ್ಣೆದುರೇ ಮಾಯವಾಯಿತು. ಅವಳು ವಾಲಿದಳು. ನಾನು ಹೇಗೆ ನೀರಿಗಿಳಿದೆನೋ ಇಂದಿಗೂ ನೆನಪಿಲ್ಲ. ಅವಳ ಚೀಲದ ಮೇಲಿನ ಕುಣಿಕೆ ನನ್ನ ಬಲಗೈಗೆ ಸಿಕ್ಕಿದ್ದು, ಎಡಗೈ ದಡದ ಮರದ ಬೇರನ್ನು ಹಿಡಿದಿದ್ದು, ಭುಜ ಕಿತ್ತು ಬಂದಂತಾದದ್ದು ಮಾತ್ರ ನೆನಪಿದೆ. ಇಬ್ಬರೂ ದಡದ ಕೆಸರಿನಲ್ಲಿ ಬಿದ್ದಿದ್ದೆವು. ಅವಳ ಮೊಣಕಾಲು ಒಡೆದು ರಕ್ತ ಸುರಿಯುತ್ತಿತ್ತು. ಹಲ್ಲುಗಳು ಕಟಕಟ ಎನ್ನುತ್ತಿದ್ದವು.

"ಹೌದು, ಹೆದರ್ತೀನಿ" ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. "ನನಗೆ ತುಂಬಾ ಭಯ ಆಗ್ತಿದೆ. ಅದಕ್ಕೇ ಹೇಳ್ತಿದೀನಿ. ಬೆಳಿಗ್ಗೆ ತನಕ ಯಾರೂ ಈ ನೀರು ಮುಟ್ಟಲ್ಲ. ಒದ್ದೆ ಬಟ್ಟೆ ಬಿಚ್ಚು. ಡೇರೆ ಹಾಕು."

ಅವಳು ಬೂಟಿನ ಲೇಸು ಬಿಚ್ಚತೊಡಗಿದಳು.

ತಂಡ ದಾರಿಯಲ್ಲಿದೆ, ಬೆಳಗಾಗುವ ಹೊತ್ತಿಗೆ ಹೊಳೆ ಮುಟ್ಟುತ್ತದೆ, ರೋಗಿಯನ್ನು ಮಲಗಿಸದೆ ಕೂರಿಸಿ, ಬೆಚ್ಚಗಿಡಿ ಎಂದು ಸಂದೇಶ ಬಂತು. ಜಯಕ್ಕನನ್ನು ಎರಡು ಮಲಗುವ ಚೀಲಗಳಲ್ಲಿ ಸುತ್ತಿ, ನನ್ನ ಎದೆಗೆ ಒರಗಿಸಿಕೊಂಡು ಕುಳಿತೆ. ಲ್ಯಾಬಿನ ಅಭ್ಯಾಸ ಕೈ ಬಿಡಲಿಲ್ಲ. ಅರ್ಧ ಗಂಟೆಗೊಮ್ಮೆ ಅವಳ ಉಸಿರು ಎಣಿಸಿ ನಕ್ಷೆಯ ಹಿಂಬದಿಯಲ್ಲಿ ಬರೆದೆ. ನಿಮಿಷಕ್ಕೆ ನಲವತ್ತು. ಮೂವತ್ತೆಂಟು. ಮತ್ತೆ ನಲವತ್ತು. ಹಾಗೇ ಕತ್ತಲು ಕಳೆಯಿತು. ಬೆಳಕು ಹರಿಯುವ ಸ್ವಲ್ಪ ಮೊದಲು ಮೂವತ್ತೊಂದು ಬಂತು. ತಪ್ಪೆಣಿಸಿದೆನೆಂದು ಮತ್ತೊಮ್ಮೆ ಎಣಿಸಿದೆ. ಮೂವತ್ತೇ ಬಂತು.

"ವಸೂ" ಎಂದಳು ಜಯಕ್ಕ, ಕಣ್ಣು ಮುಚ್ಚಿಕೊಂಡೇ. "ಹುಡುಗಿ ಎಲ್ಲೆ?"

"ಇಲ್ಲೇ ಇದಾಳೆ. ನಿಮ್ಮ ಕಾಲ ಹತ್ತಿರ ಮಲಗಿದಾಳೆ."

"ಹಂ" ಎಂದಳು. ಆಗ ನನಗೆ ಅಳು ಬಂತು.

ಬಿಸಿಲು ಮೇಲಿನ ಬಂಡೆಗಳನ್ನು ಮುಟ್ಟಿದಾಗ ಹೊಳೆಯ ಕಲ್ಲುಗಳು ಒಂದೊಂದಾಗಿ ತಲೆಯೆತ್ತಿದ್ದವು. ಆಚೆ ದಡದಲ್ಲಿ ಮೂವರು ಕಾಣಿಸಿಕೊಂಡರು. ಮುಂದಿದ್ದಾಕೆ ನರೆತ ಜಡೆಯ ಹೆಂಗಸು, ಮೊಣಕಾಲುದ್ದದ ನೀರಿನಲ್ಲಿ ನಿಧಾನವಾಗಿ ನಡೆದು ಬಂದಳು. ಆಮ್ಲಜನಕದ ಮುಖವಾಡ ಹಾಕಿ, ಬೆರಳಿಗೆ ಯಂತ್ರ ಸಿಕ್ಕಿಸಿ, ಅಂಕೆ ನೋಡಿ ತನ್ನವರತ್ತ ಒಂದು ನೋಟ ಹಾಯಿಸಿದಳು. ಆ ನೋಟದಿಂದಲೇ ಎಷ್ಟು ತಡವಾಗಿತ್ತೆಂದು ನನಗೆ ಗೊತ್ತಾಯಿತು. ಇಂಗ್ಲಿಷಿನಲ್ಲಿ, ಮೇಲೆಯೇ ಉಳಿದಿದ್ದರೆ ಈಕೆ ಈ ಬೆಳಗು ಕಾಣುತ್ತಿರಲಿಲ್ಲ ಎಂದಳು. ಎಂಟು ಗಂಟೆಗೆ ಪಕ್ಕದ ಹುಲ್ಲುಗಾವಲಿನಲ್ಲಿ ಹೆಲಿಕಾಪ್ಟರ್ ಇಳಿಯಿತು. ಉಸಿರಿನ ಲೆಕ್ಕ ಬರೆದಿದ್ದ ನನ್ನ ನಕ್ಷೆಯನ್ನೂ ಅವರು ತೆಗೆದುಕೊಂಡು ಹೋದರು.

ಜಯಕ್ಕ ಆರು ದಿನ ಆಸ್ಪತ್ರೆಯಲ್ಲಿದ್ದಳು. ನಾಲ್ಕನೆಯ ದಿನ ನಾನೊಬ್ಬಳೇ ಹೋಗಿ ಕುಳಿತಿದ್ದಾಗ, ಕಿಟಕಿಯ ಕಡೆ ನೋಡುತ್ತ ಹೇಳಿದಳು.

"ಮೊದಲನೇ ದಿನನ ತಲಿ ಸಿಡಿಯಾಕತ್ತಿತ್ತು. ಗೊತ್ತಿತ್ತು ನನಗ. ಕೆಲಸದಾಗ ಎಲ್ಲಾರೂ ಇಕಿಗೆ ವಯಸ್ಸಾತು ಅಂತಾರ. ಇಲ್ಲಿನೂ ಹಂಗ ಅನ್ನಿಸ್ಕೋಬಾರ್ದು ಅಂತ ಬಾಯಿ ಬಿಡಲಿಲ್ಲ. ನಿನ್ನ ಮಗಳನ್ನ ಕೊಲ್ಲತಿದ್ದೆ ನಾ."

ಇಲ್ಲ ಜಯಕ್ಕ, ಹಾಗೆಲ್ಲ ಅನ್ನಬೇಡಿ ಎನ್ನಬೇಕಿತ್ತು. ನನಗೆ ಅವಳ ಮೇಲೆ ಕೆಟ್ಟ ಕೋಪ ಬಂದಿತ್ತು. ಆದರೆ ಕೆಮ್ಮು ಕೇಳುತ್ತ ಮಲಗಿದ್ದವಳು ನಾನೇ ಅಲ್ಲವೇ? "ನಾನೂ ಎರಡನೇ ರಾತ್ರಿ ಕೇಳಿಸಿಕೊಂಡೆ. ಎದ್ದು ಬರಲಿಲ್ಲ" ಎಂದೆ. ಅವಳು ತಿರುಗಿ ನನ್ನನ್ನು ನೋಡಿದಳು. ಅದಾದ ಮೇಲೆ ಸುಮಾರು ಆರು ತಿಂಗಳು, ಒಂದೇ ಬೀದಿಯಲ್ಲಿದ್ದೂ, ಕೈಬೀಸಿ ಮುಂದೆ ಹೋಗುವುದಷ್ಟೇ ಆಯಿತು. ಸಂಕ್ರಾಂತಿಗೆ ಅವಳೇ ಎಳ್ಳು ಹಿಡಿದು ಬಾಗಿಲು ತಟ್ಟಿದಳು. ಈಗ ಭಾನುವಾರ ಬೆಳಿಗ್ಗೆ ಕೊಲ್ಲಿಯಂಚಿನ ಜೌಗಿನ ದಾರಿಯಲ್ಲಿ, ಸಮುದ್ರ ಮಟ್ಟದಲ್ಲಿ, ಜೊತೆಗೆ ನಡೆಯುತ್ತೇವೆ. ಅವಳ ಹೆಜ್ಜೆ ಈಗಲೂ ನನ್ನದಕ್ಕಿಂತ ಬಿರುಸು.

ಮೊನ್ನೆ ಶುಕ್ರವಾರ ಸಂಜೆ ಮೇಘನಾಳ ಫೋನು ಬಂತು. ಗೆಳತಿಯರ ಜೊತೆ ಈ ಬೇಸಿಗೆ ಆರು ದಿನ ಸಿಯೆರಾಗೆ ಹೋಗುತ್ತಾಳಂತೆ. ಬೇರೆ ದಾರಿ, ಬೇರೆ ಸರೋವರಗಳು. ನನ್ನ ಅಪ್ಪಣೆ ಕೇಳುವ ವಯಸ್ಸು ಅವಳದಲ್ಲ. ನಾನು ಅಡುಗೆಮನೆಯ ಕುರ್ಚಿ ಎಳೆದುಕೊಂಡು ಕುಳಿತೆ. ಹುಷಾರು ಪುಟ್ಟಿ, ಚೆನ್ನಾಗಿ ಹೋಗಿ ಬಾ ಎಂದು ಹೇಳಿ ಮುಗಿಸಬಹುದಿತ್ತು. ಮೊದಲಾಗಿದ್ದರೆ ಹಾಗೇ ಮಾಡಿ, ಆರು ದಿನ ನಿದ್ದೆಗೆಡುತ್ತಿದ್ದೆ.

"ಮೇಘು, ನನಗೆ ಭಯ ಆಗ್ತಿದೆ" ಎಂದೆ.

ಅತ್ತ ಕಡೆ ಅವಳು ನಗಲಿಲ್ಲ. ಏನೋ ಸರಿಸಿದ ಸದ್ದು, ಕಾಗದದ ಸದ್ದು ಕೇಳಿತು.

"ಹೇಳಮ್ಮ" ಎಂದಳು, ತನ್ನ ತೊಡರುವ ಕನ್ನಡದಲ್ಲಿ. "ಯಾವ್ದ್ಯಾವ್ದು ಭಯ, ಎಲ್ಲಾ ಹೇಳು. ನಿಧಾನ. ನಾನು ಬರ್ಕೊಳ್ತೀನಿ."